ಶಾಲು ಹೊದಿಸುವ ಮುನ್ನ: ಚರ್ಚ್ ಸಿಬ್ಬಂದಿಗೆ, ಸ್ವಯಂಸೇವಕರಿಗೆ ಕೃತಜ್ಞತೆ ಹೇಳುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಚರ್ಚಿನ ಸನ್ಮಾನ ಎಂದರೆ ಹೆಚ್ಚುಕಮ್ಮಿ ಒಂದೇ ನಮೂನೆ. ಬ್ಯಾನರ್, ಹಾರ, ಶಾಲು, ಹಣ್ಣಿನ ಬುಟ್ಟಿ, ಫೋಟೊ. ಹಾರ ಬೀಳುವುದು ಬಹುಪಾಲು ಹೊರಗಿನಿಂದ ಬಂದ ಅತಿಥಿಗಳ ಕೊರಳಿಗೆ. ಶನಿವಾರ ಸಂಜೆ ಬೆಂಚು ಒರೆಸಿದವರು, ಮೈಕ್‌ಸೆಟ್ಟಿನ ವೈರು ಎಳೆದವರು, ಸಂಡೇ ಸ್ಕೂಲ್ ಮಕ್ಕಳನ್ನು ಸುಧಾರಿಸಿದವರು ಆ ಹೊತ್ತಿನಲ್ಲಿ ಹಿಂಬಾಗಿಲ ಬಳಿ ಊಟದ ಎಲೆ ಎಣಿಸುತ್ತಿರುತ್ತಾರೆ.

ಇದನ್ನು ತಿದ್ದುವುದಕ್ಕೆ ದೊಡ್ಡ ದುಡ್ಡು ಬೇಕಿಲ್ಲ. ಅರವತ್ತು ಮನೆಗಳ ಸಭೆಗೆ (ಅಂದರೆ ಒಂದು ಚರ್ಚಿಗೆ ಸೇರಿದ ಜನಕ್ಕೆ) ಸುಮಾರು 14,000 ರೂಪಾಯಿ, ಆರು ವಾರಗಳ ತಯಾರಿ ಸಾಕು. ಆದರೆ ಕೆಲಸದ ಕ್ರಮ ಮುಖ್ಯ: ಮೊದಲು ಬಾಕಿ ತೀರಿಸುವುದು, ಆಮೇಲೆ ಹೆಸರು ಹಿಡಿದು ಕೆಲಸ ಹೇಳುವುದು, ಕೊನೆಗೆ ಉಡುಗೊರೆ. ಈ ಕ್ರಮ ತಿರುವುಮುರುವಾದರೆ ಎಷ್ಟೇ ಖರ್ಚು ಮಾಡಿದರೂ ಜನರ ಮನಸ್ಸಿಗೆ ಹತ್ತುವುದಿಲ್ಲ.

ಹೊಣೆ ಯಾರದು

ಮೂವರು ಸಾಕು. ಸ್ತ್ರೀಯರ ಸಂಘದಿಂದ ಒಬ್ಬರು, ಯುವಕ ಸಂಘದಿಂದ ಒಬ್ಬರು, ಕಮಿಟಿಯಲ್ಲಿ ಇಲ್ಲದ ಸಾಮಾನ್ಯ ಸದಸ್ಯರು ಒಬ್ಬರು. ಪಾಸ್ಟರ್ ಅಥವಾ ಫಾದರ್ ಈ ಗುಂಪಿನಲ್ಲಿ ಇರಬಾರದು. ತಮಗೇ ಧನ್ಯವಾದ ಹೇಳುವ ಕಾರ್ಯಕ್ರಮವನ್ನು ತಾವೇ ನಿಂತು ನಡೆಸುವ ಮುಜುಗರ ಅವರಿಗೇಕೆ? ಖಜಾಂಚಿಗೆ ಮಾತ್ರ ಮೊದಲ ದಿನವೇ ವಿಷಯ ತಿಳಿಸಿ, ಖರ್ಚಿಗೆ ಕಮಿಟಿಯ ಒಪ್ಪಿಗೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಡಿ. ಹಣ ವಿದೇಶಿ ದೇಣಿಗೆಯ ಖಾತೆಯಿಂದ ಬರಬಾರದು, ಬೇರೆ ಉದ್ದೇಶಕ್ಕೆಂದು ಎತ್ತಿದ ಕಾಣಿಕೆಯಿಂದಲೂ ಬರಬಾರದು. ಛಾವಣಿ ರಿಪೇರಿಗೆ ಕೊಟ್ಟ ದುಡ್ಡಲ್ಲಿ ಟವೆಲ್ ಕೊಂಡರೆಂಬ ಮಾತು ಒಮ್ಮೆ ಹುಟ್ಟಿದರೆ, ಟವೆಲ್ ತೆಗೆದುಕೊಂಡವರಿಗೂ ಅದು ಮುಳ್ಳು.

ಪಟ್ಟಿ: ನೆನಪಿನಿಂದಲ್ಲ, ನಿಂತು ನೋಡಿ

ಕುಳಿತು ನೆನಪಿನಿಂದ ಬರೆದ ಪಟ್ಟಿಯಲ್ಲಿ ಎಂದೂ ವೇದಿಕೆಯ ಮೇಲೆ ಕಾಣುವವರೇ ಇರುತ್ತಾರೆ: ಪಾಸ್ಟರ್, ಕಾರ್ಯದರ್ಶಿ, ಗಾಯನ ಮಂಡಳಿಯ ಮುಖ್ಯಸ್ಥರು. ಅದಕ್ಕೇ ಒಂದು ನೋಟ್‌ಬುಕ್ ಹಿಡಿದು ಶನಿವಾರ ಮಧ್ಯಾಹ್ನ 4 ಗಂಟೆಯಿಂದ ಭಾನುವಾರ 2 ಗಂಟೆಯವರೆಗೆ ಚರ್ಚಿನ ಆವರಣದಲ್ಲಿ ಸರದಿಯಂತೆ ಒಬ್ಬೊಬ್ಬರು ಇರಿ. ಬಾಗಿಲು ತೆರೆದವರು ಯಾರು, ಬೀಗ ಹಾಕಿದವರು ಯಾರು, ನಡುವೆ ಏನೇನು ನಡೆಯಿತು ಎಂದು ಬರೆಯುತ್ತ ಹೋಗಿ. ಎರಡು ವಾರ ಹೀಗೆ ಮಾಡಿದರೆ ಸುಮಾರು ಮುಕ್ಕಾಲು ಪಟ್ಟಿ ಸಿಗುತ್ತದೆ.

ಸಾಮಾನ್ಯವಾಗಿ ತಪ್ಪಿಹೋಗುವವರು ಇವರು: ಘಂಟೆ ಹೊಡೆಯುವವರು, ಕುಡಿಯುವ ನೀರು ತುಂಬುವವರು, ತಬಲಾ ಬಾರಿಸುವ ಹುಡುಗ, ಪರದೆಯ ಮೇಲೆ ಹಾಡಿನ ಸಾಲು ಬಿಡುವವರು, ತೆಲುಗು ಮಾತಾಡುವ ಮನೆಗಳಿಗಾಗಿ ಪ್ರಸಂಗವನ್ನು (ಆರಾಧನೆಯ ಉಪದೇಶವನ್ನು) ಅಲ್ಲಲ್ಲಿ ತಿರುಗಿಸಿ ಹೇಳುವವರು, ಪ್ರಭು ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ) ಪಾತ್ರೆ ತೊಳೆಯುವವರು, ಲೆಕ್ಕ ಬರೆಯುವವರು. ಇನ್ನು ಭಾನುವಾರ ಕಣ್ಣಿಗೇ ಬೀಳದವರು ಇದ್ದಾರೆ. ಸಮಾಧಿಗೆ ಗುಂಡಿ ತೋಡುವವರು, ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮಲಗಿದವರಿಗೆ ಬುತ್ತಿ ಒಯ್ಯುವವರು, ಹಳ್ಳಿಯ ಪ್ರಾರ್ಥನಾ ಕೂಟಕ್ಕೆ ಉಪದೇಶಿಯನ್ನು ಬೈಕಿನಲ್ಲಿ ಕರೆದೊಯ್ಯುವವರು. ಇವರನ್ನು ಹುಡುಕುವ ದಾರಿ ಒಂದೇ: ಪಟ್ಟಿಯಲ್ಲಿ ಈಗಾಗಲೇ ಇರುವ ಪ್ರತಿಯೊಬ್ಬರನ್ನೂ "ನಿಮ್ಮ ಕೆಲಸಕ್ಕೆ ಕೈಜೋಡಿಸುವವರು ಯಾರು?" ಎಂದು ಕೇಳುವುದು. ಕೆಲಸ ಮಾಡುವವರಿಗೆ ಕೆಲಸ ಮಾಡುವವರು ಗೊತ್ತಿರುತ್ತಾರೆ.

ಪಟ್ಟಿಯಲ್ಲಿ ನಾಲ್ಕು ಕಾಲಂ ಇರಲಿ: ಹೆಸರು (ಅವರು ಹೇಳುವ ಹಾಗೆ, ಇನಿಷಿಯಲ್ ಸಮೇತ), ಕೆಲಸ, ಎಷ್ಟು ಕಾಲದಿಂದ, ಮತ್ತು ಸಂಬಳವೋ ಸ್ವಯಂಸೇವೆಯೋ. ಕೊನೆಯ ಕಾಲಂ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಬಾಕಿ ಮೊದಲು

ಎರಡು ತಿಂಗಳ ಸಂಬಳ ಬಾಕಿ ಇರುವ ಕಾವಲುಗಾರನಿಗೆ ಶಾಲು ಹೊದಿಸುವುದು ಅವಮಾನ. ಇದನ್ನು ಮೃದುವಾಗಿ ಹೇಳಲು ಬರುವುದಿಲ್ಲ. ದಿನಗೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯವೇ ವಿಧಿಸುತ್ತದೆ. ಸಂಬಳದ ಕಾಲಂನಲ್ಲಿರುವ ಪ್ರತಿಯೊಬ್ಬರ ಲೆಕ್ಕವನ್ನೂ ಖಜಾಂಚಿಯೊಂದಿಗೆ ಕುಳಿತು ನೋಡಿ. ಬಾಕಿ ಇದ್ದರೆ ಕಾರ್ಯಕ್ರಮವನ್ನು ಮುಂದೂಡಿ, ಆ ಹಣದಲ್ಲಿ ಬಾಕಿ ತೀರಿಸಿ. ಕೈಯಿಂದ ಹಾಕಿದ ಖರ್ಚೂ ಬಾಕಿಯೇ. ಸಂಡೇ ಸ್ಕೂಲ್ ಟೀಚರ್ ಕೊಂಡ ಚಾರ್ಟ್ ಪೇಪರ್, ಮೈಕ್ ಹುಡುಗ ಹಾಕಿಸಿದ ಸೆಲ್, ನಾಲ್ಕು ಹಳ್ಳಿ ಸುತ್ತುವ ಪಾಸ್ಟರರ ಪೆಟ್ರೋಲು. ಕೇಳಿದರೆ "ಇರಲಿ ಬಿಡ್ರಿ, ದೇವರ ಕೆಲಸ" ಎನ್ನುತ್ತಾರೆ. ಒಂದು ಸಲ ಅಂದರೆ ಬಿಡಬೇಡಿ, ಚೀಟಿ ಇಲ್ಲದಿದ್ದರೂ ಅಂದಾಜು ಬರೆಸಿಕೊಂಡು ಕೊಡಿ.

ಬ್ಯಾಂಕ್ ಖಾತೆಗೆ ಹಾಕುವುದು ಲೇಸು. ನಗದು ಕೊಟ್ಟರೆ ವೋಚರ್‌ಗೆ ಸಹಿ ಬೇಕು, ಮೊತ್ತ 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು. ವರ್ಷದ ಕೊನೆಗೆ ಆಡಿಟರ್ ಮೊದಲು ಹುಡುಕುವುದು ಇದನ್ನೇ.

ಕಡಿಮೆ ಸಂಬಳದವರಿಗೆ ಇನ್ನೊಂದು ಕೆಲಸ ಮಾಡಬಹುದು, ಯಾವ ಶಾಲಿಗಿಂತಲೂ ಹೆಚ್ಚು ಬಾಳುವಂಥದ್ದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಂತು. 18ರಿಂದ 70 ವರ್ಷದವರಿಗೆ ಸಿಗುತ್ತದೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ. ಯಾವ ಕಾರಣದಿಂದ ಸತ್ತರೂ 2 ಲಕ್ಷ, ಆದರೆ ಸೇರಲು ವಯಸ್ಸು 18ರಿಂದ 50ರೊಳಗೆ ಇರಬೇಕು. ಎರಡೂ ಸೇರಿ 456 ರೂಪಾಯಿ. ಎಡವಟ್ಟಾಗುವುದು ಎಲ್ಲಿ ಎಂದರೆ, ಕಂತು ಅವರ ಸ್ವಂತ ಖಾತೆಯಿಂದಲೇ ಕಡಿತವಾಗುತ್ತದೆ. ವಿಮೆಯ ವರ್ಷ ಜೂನ್ 1ರಿಂದ ಮೇ 31, ಹಾಗಾಗಿ ಮೇ ಕೊನೆಯ ವಾರ ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ. ಚರ್ಚ್ ಮೇ 15ರೊಳಗೆ ಅವರ ಖಾತೆಗೆ 500 ರೂಪಾಯಿ ಹಾಕಿ, ಜೂನ್ ಮೊದಲ ವಾರ ಪಾಸ್‌ಬುಕ್ ನೋಡಬೇಕು. ನಾಮಿನಿ ಹೆಸರು ಬರೆಸಿದೆಯೇ ಎಂಬುದನ್ನೂ ಅಂದೇ ನೋಡಿ.

ದಿನ ಯಾವುದು

ಅಕ್ಟೋಬರ್ ತಿಂಗಳ ಎರಡನೇ ಭಾನುವಾರ ಪಾಸ್ಟರರ ದಿನ ಮಾಡುವುದು ಅಮೆರಿಕದ ಸಭೆಗಳಿಂದ ಬಂದ ರೂಢಿ. ಮಾಡಬಾರದೆಂದೇನಿಲ್ಲ. ಕಥೋಲಿಕರಲ್ಲಿ ಆಗಸ್ಟ್ 4, ಧರ್ಮಕೇಂದ್ರದ ಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬ, ಫಾದರ್‌ಗಳಿಗೆ ಶುಭಾಶಯ ಹೇಳಲು ಒಗ್ಗುತ್ತದೆ. ಆದರೆ ಈ ಎರಡೂ ದಿನ ಗುರುಗಳದ್ದು. ಸ್ವಯಂಸೇವಕರಿಗೆ ಬೇರೆ ದಿನ ಬೇಕು.

ಡಿಸೆಂಬರ್ ಬೇಡ. ಕ್ಯಾರಲ್, ನಾಟಕ, ಸಾಮೂಹಿಕ ಊಟ ಎಂದು ಅವರೇ ದಣಿದಿರುತ್ತಾರೆ. ಸಿರಗುಪ್ಪ, ಗಂಗಾವತಿ, ಸಿಂಧನೂರು ಕಡೆ ನವೆಂಬರ್–ಡಿಸೆಂಬರ್ ಭತ್ತದ ಕೊಯ್ಲು ಬೇರೆ. ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ) ಊಟದ ಸಂಭ್ರಮ ಒಪ್ಪುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ದುಡಿಯಲು ಬೆಂಗಳೂರಿಗೆ ಹೋದ ಮನೆಗಳೂ ಊರಲ್ಲಿ ಇರುವುದಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಎಲ್ಲಕ್ಕಿಂತ ಒಳ್ಳೆಯದು: ಹವೆ ತಂಪು, ಕ್ರಿಸ್ಮಸ್ ಕೆಲಸ ಇನ್ನೂ ಎಲ್ಲರ ನೆನಪಿನಲ್ಲಿ ಹಸಿ. ಬೇಸಿಗೆಯ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ) ಟೀಚರ್‌ಗಳಿಗೆ ಮಾತ್ರ ಜನವರಿವರೆಗೆ ಕಾಯಿಸಬೇಡಿ. ಮುಕ್ತಾಯದ ದಿನವೇ, ಮಕ್ಕಳ ಎದುರಿಗೆ, ಹೆತ್ತವರಿಂದಲೇ ಹೇಳಿಸಿ.

ಕಾರ್ಡಿನ ನಾಲ್ಕು ಸಾಲು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಇದು, ಹೆಚ್ಚು ಜನ ಹಾರಿಸುವುದೂ ಇದನ್ನೇ. ಅಂಗಡಿಯಲ್ಲಿ ಅಚ್ಚಾದ ಕಾರ್ಡಿಗೆ ಹೆಸರು ತುಂಬಿ ಕೊಡುತ್ತಾರೆ: "ತಾವು ಸಭೆಗೆ ಸಲ್ಲಿಸಿದ ಅಮೂಲ್ಯ ಸೇವೆಗಾಗಿ ವಂದನೆಗಳು, ದೇವರು ತಮ್ಮನ್ನು ಹೇರಳವಾಗಿ ಆಶೀರ್ವದಿಸಲಿ." ಈ ಮಾತು ಯಾರಿಗೆ ಕೊಟ್ಟರೂ ಹೊಂದುತ್ತದೆ, ಅದಕ್ಕೇ ಯಾರದ್ದೂ ಅಲ್ಲ.

ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಬರೀ ಹೆಸರುಗಳೆಂದು ಓದದೆ ದಾಟುವವರೇ ಬಹಳ. ಪೌಲನು ಅಲ್ಲಿ ಹೆಸರಿನ ಜೊತೆ ಕೆಲಸವನ್ನೂ ಹೇಳುತ್ತಾನೆ. ಫೊಯಿಬೆ ಅನೇಕರಿಗೆ ನೆರವಾದವಳು, ಪ್ರಿಸ್ಕ ಮತ್ತು ಅಕ್ವಿಲ ಅವನ ಜೀವಕ್ಕಾಗಿ ತಮ್ಮ ಕೊರಳನ್ನೇ ಒಡ್ಡಿದವರು, ಮರಿಯಳು ಬಹಳ ದುಡಿದವಳು. ಪತ್ರವನ್ನು ಕೈಯಾರೆ ಬರೆದುಕೊಂಡ ತೆರ್ತ್ಯನಿಗೂ ಅಲ್ಲಿ ತನ್ನ ಹೆಸರು ಹಾಕಲು ಒಂದು ಸಾಲು ಸಿಕ್ಕಿದೆ. ನಿಮ್ಮ ಕಾರ್ಡೂ ಹೀಗಿರಲಿ.

ಮೊದಲ ಸಾಲಿನಲ್ಲಿ ಅವರು ಮಾಡಿದ ಒಂದೇ ಒಂದು ಕೆಲಸ, ದಿನ ಅಥವಾ ಋತುವಿನ ಸಮೇತ. ಎರಡನೆಯದರಲ್ಲಿ ಅದರಿಂದ ಯಾರಿಗೆ ಏನಾಯಿತು. ಮೂರನೆಯದರಲ್ಲಿ ಅದು ಸುಲಭವಿರಲಿಲ್ಲ ಎಂಬುದು ನಿಮಗೆ ಗೊತ್ತಿದೆ ಎಂಬ ಗುರುತು. ನಾಲ್ಕನೆಯದು ಧನ್ಯವಾದ. ಮಾದರಿಗೆ:

"ಅಕ್ಕಾ, ಕಳೆದ ಮಳೆಗಾಲದಲ್ಲಿ ಎರೆಮಣ್ಣಿನ ಹೆಜ್ಜೆ ಬಾಗಿಲಿಂದ ವೇದಿಕೆಯವರೆಗೂ ಮೂಡುತ್ತಿತ್ತು. ಎರಡನೇ ಆರಾಧನೆಗೆ ಬಂದವರು ಅದನ್ನು ಒಂದು ವಾರವೂ ನೋಡಲಿಲ್ಲ. ನಡುವೆ ಸಿಗುತ್ತಿದ್ದ ಅರ್ಧ ಗಂಟೆಯಲ್ಲಿ ಚಹಾ ಕೂಡ ಕುಡಿಯದೆ ನೀವು ಎರಡು ಸಲ ಒರೆಸುತ್ತಿದ್ದಿರಿ. ಸಭೆಯ ಎಲ್ಲರ ಪರವಾಗಿ ನಿಮಗೆ ವಂದನೆ."

ಕೈಬರಹವೇ ಇರಲಿ. ಒಂದು ಕಾರ್ಡಿಗೆ 15 ನಿಮಿಷ ಹಿಡಿಯುತ್ತದೆ. 22 ಜನರಿದ್ದರೆ ಮೂವರು ಹಂಚಿಕೊಂಡು ಎರಡು ಸಂಜೆಯಲ್ಲಿ ಮುಗಿಸಬಹುದು. ಓದಲು ಬಾರದವರಿಗೆ ಕಾರ್ಡಿನ ಜೊತೆ ಅದೇ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ತೆಲುಗು ಅಥವಾ ಉರ್ದು ಮನೆಮಾತಿನವರಿಗೆ ಅವರ ಮಾತಿನಲ್ಲೇ ರೆಕಾರ್ಡ್ ಆದರೆ ಇನ್ನೂ ಒಳ್ಳೆಯದು. ಸಂಡೇ ಸ್ಕೂಲ್ ಟೀಚರ್‌ಗೆ ಮಕ್ಕಳಿಂದಲೇ ಬರೆಸಿ, ಕಾಗುಣಿತ ತಿದ್ದಲು ಹೋಗಬೇಡಿ.

ಉಡುಗೊರೆ ಮತ್ತು ಲೆಕ್ಕ

22 ಜನರ ಪಟ್ಟಿಗೆ ಲೆಕ್ಕ ಹೀಗೆ ಹೊಂದುತ್ತದೆ: ತಲೆಗೆ 250ರಂತೆ ಉಡುಗೊರೆ 5,500, ಮೂವರ ವಿಮೆ 1,368, ತಿಂಡಿ 4,000, ಕಾರ್ಡು-ಪೆನ್ನು 500, ಸಾಮಾನು ರಿಪೇರಿಗೆ 2,500. ಒಟ್ಟು 13,868.

ರಿಪೇರಿ ಉಡುಗೊರೆಯ ಲೆಕ್ಕದಲ್ಲಿ ಯಾಕೆ ಬಂತು ಎಂದರೆ, ದುಡಿಯುವವರು ಹೆಚ್ಚು ಬಯಸುವುದು ಅದನ್ನೇ. ಪಟ್ಟಿ ಮಾಡುವಾಗಲೇ ಕೇಳಿ: "ನಿಮ್ಮ ಕೆಲಸದಲ್ಲಿ ರೇಗಿಸುವ ವಸ್ತು ಯಾವುದು?" ಉತ್ತರ ಸಣ್ಣದಿರುತ್ತದೆ. ಉದ್ದ ಹಿಡಿಯ ಪೊರಕೆ ಇಲ್ಲ. ಮೈಕಿನ ವೈರು ಅಲ್ಲಾಡಿದರೆ ಗರ್ ಎನ್ನುತ್ತದೆ. ಹಾರ್ಮೋನಿಯಂನ ಒಂದು ಮನೆ ಗಾಳಿ ಬಿಡುತ್ತದೆ. ಕರೆಂಟ್ ಹೋದರೆ ಕೀಬೋರ್ಡ್ ಸುಮ್ಮನಾಗುತ್ತದೆ. ಬಳ್ಳಾರಿ-ಸಂಡೂರು ದಾರಿಯ ಕೆಂಧೂಳು ಕುಳಿತ ಫ್ಯಾನು ತೊಳೆಯಲು ಎತ್ತರದ ಏಣಿ ಇಲ್ಲ. ಇವುಗಳಲ್ಲಿ ಎರಡು ಮೂರನ್ನಾದರೂ ಕಾರ್ಯಕ್ರಮಕ್ಕೆ ಮೊದಲೇ ಸರಿಮಾಡಿಸಿ.

ಇನ್ನು ಕೈಗೆ ಕೊಡುವುದು. ಉಣ್ಣೆ ಶಾಲು ನಮ್ಮ ಸೀಮೆಯಲ್ಲಿ ಬೀರು ಸೇರುತ್ತದೆ ಅಥವಾ ಇನ್ನೊಬ್ಬರ ಸನ್ಮಾನಕ್ಕೆ ದಾಟುತ್ತದೆ. ಸರ್ಕಾರಿ ಸಭೆಗಳಲ್ಲೇ ಹಾರ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂಬ ಸೂಚನೆ 2021ರಲ್ಲಿ ಬಂದಿತ್ತು. ಚರ್ಚುಗಳು ಅದನ್ನು ಧಾರಾಳವಾಗಿ ಪಾಲಿಸಬಹುದು. ಕೈಮಗ್ಗದ ದೊಡ್ಡ ಹತ್ತಿ ಟವೆಲ್, ಸ್ಟೀಲ್ ನೀರಿನ ಬಾಟಲಿ, ಬುತ್ತಿ ಡಬ್ಬಿ ನಿತ್ಯ ಬಳಕೆಗೆ ಬರುತ್ತವೆ. ಸೀರೆ ಕೊಡುವ ಆಸೆ ಸ್ತ್ರೀಯರ ಸಂಘಕ್ಕೆ ಇರುತ್ತದೆ. ಆದರೆ ಬಣ್ಣ, ಅಂಚು, ಬೆಲೆಯ ಹೋಲಿಕೆ ಮಧ್ಯಾಹ್ನದೊಳಗೆ ಶುರುವಾಗುತ್ತದೆ. ಕೊಡಲೇಬೇಕೆಂದರೆ ಎಲ್ಲರಿಗೂ ಒಂದೇ ಬೆಲೆಯದು, ಬಣ್ಣದ ಆಯ್ಕೆ ಅವರದು. ಕಮಿಟಿಯ ಹೆಸರು ಅಚ್ಚಾದ ಗೋಡೆ ಗಡಿಯಾರ, ಪ್ಲಾಸ್ಟಿಕ್ ಫಲಕ ಖಂಡಿತ ಬೇಡ. ಸಿಹಿ ಡಬ್ಬಿ ಕೊಡುವುದಾದರೆ ಸಕ್ಕರೆ ಕಾಯಿಲೆಯವರು ಯಾರೆಂದು ಮೊದಲೇ ತಿಳಿದು ಅವರಿಗೆ ಶೇಂಗಾ ಅಥವಾ ಒಣಹಣ್ಣು ಇಡಿ.

ಸ್ವಯಂಸೇವಕರಿಗೆ ಲಕೋಟೆಯಲ್ಲಿ ದುಡ್ಡು ಇಡಬೇಡಿ. ಪ್ರೀತಿಯಿಂದ ಮಾಡಿದ್ದಕ್ಕೆ ಅಗ್ಗದ ಕೂಲಿ ಕಟ್ಟಿದ ಹಾಗಾಗುತ್ತದೆ. ಸಂಬಳದವರಿಗೆ ದುಡ್ಡು ಕೊಡಬಹುದು, ಆದರೆ ಅದು ಬೋನಸ್ ಎಂದು ಲೆಕ್ಕಕ್ಕೆ ಬರಲಿ, ವೇದಿಕೆಯ ಮೇಲೆ ಬೇಡ. "ವರ್ಷದ ಉತ್ತಮ ಸೇವಕ" ಎಂಬ ಒಬ್ಬರ ಪ್ರಶಸ್ತಿ ಸಣ್ಣ ಸಭೆಗೆ ವಿಷ. ಒಬ್ಬರು ಏರಿದರೆ ಇಪ್ಪತ್ತೊಂದು ಜನ ಇಳಿದಂತೆ ಭಾವಿಸುತ್ತಾರೆ.

ಆರಾಧನೆಯ ನಡುವೆ ಹನ್ನೆರಡು ನಿಮಿಷ

ಪ್ರತ್ಯೇಕ ಸಮಾರಂಭ ಬೇಡ, ಅದಕ್ಕೂ ಅವರೇ ಕುರ್ಚಿ ಹಾಕಬೇಕಾಗುತ್ತದೆ. ಭಾನುವಾರದ ಆರಾಧನೆಯಲ್ಲಿ ಪ್ರಕಟಣೆಗಳ ಜಾಗದಲ್ಲಿ 12 ನಿಮಿಷ ಸಾಕು. ಹೊರಗಿನ ಅತಿಥಿ ಇಲ್ಲ, ಸ್ವಾಗತ ಭಾಷಣ ಇಲ್ಲ. ಮೂವರಲ್ಲಿ ಒಬ್ಬರು ಹೆಸರು ಮತ್ತು ಒಂದೇ ಸಾಲಿನ ಕೆಲಸವನ್ನು ಓದುತ್ತಾರೆ: ತಲಾ 20 ಸೆಕೆಂಡಿನಂತೆ 22 ಜನಕ್ಕೆ ಏಳೂವರೆ ನಿಮಿಷ. ಓದುವ ಕ್ರಮ ಅಂತಸ್ತಿನದಲ್ಲ, ಭಾನುವಾರ ಬೆಳಿಗ್ಗೆ ಕೆಲಸ ನಡೆಯುವ ಕ್ರಮ. ಬೀಗ ತೆರೆಯುವವರಿಂದ ಶುರುವಾಗಿ ಬೀಗ ಹಾಕುವವರಿಗೆ ಮುಗಿಯಲಿ. ಪಾಸ್ಟರ್ ನಡುವೆ ಎಲ್ಲೋ ಬರುತ್ತಾರೆ. ಹೀಗೆ ಓದಿದರೆ ಒಂದು ಭಾನುವಾರ ಎಷ್ಟು ಕೈಗಳಿಂದ ಆಗುತ್ತದೆ ಎಂಬುದು ಕೇಳುವವರಿಗೆ ತಾನಾಗಿಯೇ ಹೊಳೆಯುತ್ತದೆ. ಉಳಿದ ಸಮಯಕ್ಕೆ ಪ್ರಾರ್ಥನೆ.

ವೇದಿಕೆಗೆ ಕರೆಯುವ ಮುನ್ನ ಒಬ್ಬೊಬ್ಬರನ್ನೂ ಕೇಳಿರಿ. ಕೆಲವರಿಗೆ ಎದ್ದು ನಿಲ್ಲುವುದೇ ಸಂಕಟ. ಅಂಥವರಿಗೆ ಅವರ ಜಾಗಕ್ಕೇ ಹೋಗಿ ಕಾರ್ಡ್ ಕೊಡಿ. ಹೆಸರು ಓದುವವರು ಹಿಂದಿನ ದಿನ ಗಟ್ಟಿಯಾಗಿ ಎರಡು ಸಲ ಓದಿ ನೋಡಲಿ. ಅಂದು ಮೈಕ್, ನೀರು, ಬಾಗಿಲು ನೋಡಿಕೊಳ್ಳಲು ಬದಲಿ ಜನ ಬೇಕು, ಇಲ್ಲದಿದ್ದರೆ ಮೈಕ್ ಹುಡುಗನ ಹೆಸರು ಓದುವಾಗ ಆತ ಮಿಕ್ಸರ್ ಬಿಟ್ಟು ಬರಲಾಗದೆ ಒದ್ದಾಡುತ್ತಾನೆ. ಬದಲಿಯವರಿಗೆ ಒಂದು ವಾರ ಮೊದಲೇ ಅವರ ಬಳಿಯೇ ಕೆಲಸ ಕಲಿಯಲು ಹೇಳಿ. ಫೋಟೊ ವಾಟ್ಸಾಪ್ ಗುಂಪಿಗೆ ಹಾಕುವುದು ಅವರು ಒಪ್ಪಿದರೆ ಮಾತ್ರ.

ತಿಂಡಿ

ಮಂಡಾಳ (ಮಂಡಕ್ಕಿ) ಒಗ್ಗರಣಿ, ಮಿರ್ಚಿ ಬಜ್ಜಿ, ಮಜ್ಜಿಗೆ ಸಾಕು, ಬಿರಿಯಾನಿಯ ರೇಸಿಗೆ ಇಳಿಯಬೇಡಿ. ಸ್ತ್ರೀಯರ ಸಂಘದವರಿಂದ ಮಾಡಿಸಲೂ ಬೇಡಿ, ಪಟ್ಟಿಯ ಅರ್ಧ ಅವರೇ. ಮಿರ್ಚಿ ಬಂಡಿಯವರೊಬ್ಬರನ್ನು ಬಂಡಿ ಸಮೇತ ಆವರಣಕ್ಕೆ ಕರೆಸಿದರೆ ಕೆಲಸ ಮುಗಿಯಿತು. 80 ಜನಕ್ಕೆ ಮಂಡಾಳು 5 ಕಿಲೊ, ಹುರಿಗಡಲೆ ಪುಡಿ ಮುಕ್ಕಾಲು ಕಿಲೊ, ಉದ್ದ ಮೆಣಸಿನಕಾಯಿ 4 ಕಿಲೊ, ಕಡಲೆಹಿಟ್ಟು 3 ಕಿಲೊ, ಎಣ್ಣೆ 5 ಲೀಟರ್. ತಲೆಗೆ ಎರಡೂವರೆ ಮಿರ್ಚಿಯ ಲೆಕ್ಕ. ಮಜ್ಜಿಗೆಗೆ 4 ಲೀಟರ್ ಮೊಸರು, 12 ಲೀಟರ್ ನೀರು. ಮಂಡಾಳನ್ನು ಆರಾಧನೆ ಮುಗಿಯುವ ಮೊದಲೇ ನೆನೆಸಿಟ್ಟರೆ ಮುದ್ದೆಯಾಗುತ್ತದೆ. ಜನ ಹೊರಬಂದ ಮೇಲೆ ಒಂದೊಂದು ಕಿಲೊದಂತೆ ನೆನೆಸಿ, ಹಿಂಡಿ, ಒಗ್ಗರಣೆಗೆ ಹಾಕಿಸಿ. ಕಸ ಗುಡಿಸುವವರಿಗೆ, ಗುಂಡಿ ತೋಡುವವರಿಗೆ ಬೇರೆ ಕಡೆ ಕೂರಿಸಿ ಬಡಿಸುವ ಅಭ್ಯಾಸ ಇನ್ನೂ ಎಲ್ಲಾದರೂ ಉಳಿದಿದ್ದರೆ, ಒಂದೇ ಪಂಕ್ತಿಯಲ್ಲಿ ಕಮಿಟಿ ಹಿರಿಯರ ಪಕ್ಕಕ್ಕೆ ಅವರನ್ನು ಕರೆದು ಕೂರಿಸಿ.

ಪಾಸ್ಟರರ ಮನೆಯವರು

ಪಾಸ್ಟರಿಗೆ ಬೇಕಾದದ್ದು ಹಾರವಲ್ಲ, ಸೋಮವಾರ. ಭಾನುವಾರ ಮೂರು ಊರಲ್ಲಿ ಆರಾಧನೆ ನಡೆಸಿದವರಿಗೆ ಸೋಮವಾರ ಬೆಳಿಗ್ಗೆ ಏಳಕ್ಕೇ ಫೋನ್ ಬರುತ್ತದೆ. ಸಾವು, ಅಪಘಾತ, ಆಸ್ಪತ್ರೆ ಬಿಟ್ಟು ಉಳಿದದ್ದಕ್ಕೆ ಸೋಮವಾರ ಕಾರ್ಯದರ್ಶಿಗೆ ಫೋನ್ ಮಾಡಬೇಕೆಂದು ಸಭೆಯಲ್ಲಿ ನಿರ್ಣಯ ಮಾಡಿ, ಕಾರ್ಯದರ್ಶಿಯ ನಂಬರನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ಮೊದಲ ಎರಡು ತಿಂಗಳು ಯಾರೂ ಪಾಲಿಸುವುದಿಲ್ಲ. ಆಗ ಪಾಸ್ಟರ್ ಫೋನ್ ಎತ್ತದಿದ್ದರೆ ಅವರ ಪರ ನಿಲ್ಲಬೇಕಾದವರು ಕಮಿಟಿಯವರು.

ಪಾಸ್ಟರಮ್ಮ ಸಂಬಳವಿಲ್ಲದ ಎರಡನೇ ಪಾಸ್ಟರ್. ಸ್ತ್ರೀಯರ ಕೂಟ, ಮನೆಗೆ ಬಂದವರಿಗೆಲ್ಲ ಚಹಾ, ಅಳುವವರಿಗೆ ಹೆಗಲು. ಅವರ ಹೆಸರು ಪಟ್ಟಿಯಲ್ಲಿ ಗಂಡನ ಹೆಸರಿನ ಬಾಲವಾಗಿ ಬರದೆ ಸ್ವಂತ ಸಾಲಿನಲ್ಲಿ ಬರಲಿ. ವರ್ಗಾವಣೆಯಾದಾಗ ಲಾರಿ ಬಾಡಿಗೆ ಯಾರು ಕೊಡಬೇಕು, ಮಕ್ಕಳ ಟಿ.ಸಿ. ಯಾವಾಗ ತೆಗೆಯಬೇಕು ಎಂಬುದನ್ನು ಬೀಳ್ಕೊಡುಗೆಯ ದಿನಕ್ಕೆ ಮುಂಚೆ ಮುಗಿಸಿ. ನೆನಪಿಗೆ ಏನಾದರೂ ಕೊಡುವುದಿದ್ದರೆ ಕೊಪ್ಪಳದ ಕಿನ್ನಾಳ ಗೊಂಬೆಗಿಂತ, ಸಂಡೂರಿನ ಲಂಬಾಣಿ ಕಸೂತಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಎರಡೂ ಹಗುರ, ಲಾರಿಯಲ್ಲಿ ಜಾಗ ಹಿಡಿಯುವುದಿಲ್ಲ.

ಹೆಸರು ಬಿಟ್ಟುಹೋದರೆ

ಎಷ್ಟು ಎಚ್ಚರ ವಹಿಸಿದರೂ ಒಂದೆರಡು ಹೆಸರು ಬಿಡುತ್ತವೆ. ಅದಕ್ಕೆಂದೇ ಮೂರು ಖಾಲಿ ಕಾರ್ಡು, ಮೂರು ಟವೆಲ್ ಎತ್ತಿಡಿ. ಪಟ್ಟಿ ಓದಿದ ಮೇಲೆ "ಇನ್ನೂ ಯಾರ ಹೆಸರು ಬರಬೇಕಿತ್ತು?" ಎಂದು ಸಭೆಯನ್ನೇ ಕೇಳಿದರೆ ಅಲ್ಲೇ ಗೊತ್ತಾಗುತ್ತದೆ. ಆಗಲೂ ಹೊಳೆಯದೆ ಸಂಜೆ ನೆನಪಾದರೆ, ಮುಂದಿನ ವರ್ಷಕ್ಕೆ ಬಿಡಬೇಡಿ. ಅಂದೇ ಇಬ್ಬರು ಅವರ ಮನೆಗೆ ಹೋಗಿ. "ಪಟ್ಟಿ ಮಾಡಿದವರು ಮರೆತರು" ಎಂದು ಯಾರ ಮೇಲೂ ಹಾಕದೆ "ನಮ್ಮಿಂದ ತಪ್ಪಾಯಿತು" ಎನ್ನಿ, ಅವರ ಕೆಲಸವನ್ನು ಹೆಸರು ಹಿಡಿದು ಹೇಳಿ, ಚಹಾ ಕೊಟ್ಟರೆ ಕುಡಿದು ಬನ್ನಿ. ಮುಂದಿನ ಭಾನುವಾರ ಪ್ರಕಟಣೆಯಲ್ಲಿ ಅವರ ಹೆಸರನ್ನು ಮೊದಲು ಓದಿ. ನೋಟ್‌ಬುಕ್ಕಿನಲ್ಲಿ ಆ ಹೆಸರಿಗೆ ಕೆಂಪು ಗೆರೆ ಎಳೆದು, ಪುಸ್ತಕವನ್ನು ಬೀರುವಿನಲ್ಲಿ ಲೆಕ್ಕದ ಪುಸ್ತಕದ ಪಕ್ಕ ಇಡಿ. ಮೊದಲ ಪುಟದಲ್ಲಿ ವಿಮೆಯ ದಿನಾಂಕ, ಮೇ 15, ದೊಡ್ಡದಾಗಿ ಬರೆದಿರಲಿ.